ತಲೆಗೆ ಮೂವತ್ತೆಂಟು

ಮದುವೆಗೆ ಇನ್ನಾರೇ ವಾರ ಎನ್ನುವಾಗ
ಅಡುಗೆ ಒಪ್ಪಿಕೊಂಡಿದ್ದ ಡಾಂಬ್ರೋಸ್ಕಿಯ ಬಾಗಿಲಿಗೆ
ಹಳದಿ ಕಾಗದ ಅಂಟಿತ್ತು, ಮುಚ್ಚಿದೆ ಅಂತ.
ಯಾರೋ ಪೆನ್ಸಿಲಿನಲ್ಲಿ ಕೆಳಗೆ ಗೀಚಿದ್ದರು, ನಮ್ಮ ದುಡ್ಡು?
ಎಂಟುನೂರು ಡಾಲರ್ ಮುಂಗಡ ಕೊಟ್ಟಿದ್ದ ನಾನು
ಅದರ ಪಕ್ಕ ಇನ್ನೊಂದು ಪ್ರಶ್ನೆಚಿಹ್ನೆ ಇಟ್ಟು ಬಂದೆ.
ಬಸ್ಸು ಕಾಯುತ್ತಿತ್ತು, ಹನ್ನೊಂದು ಜನರ ಸಮೇತ.
ಡ್ರೈವರ್ ನಾನೇ.

ಯಂಗ್ಸ್‌ಟೌನಿನಲ್ಲಿ ಅಡುಗೆಯವರಿಗೆ ಬರವಿಲ್ಲ.
ಒಬ್ಬ ತಲೆಗೆ ಮೂವತ್ತೆಂಟು ಅಂದ.
ಒಬ್ಬಳು ಮೂವತ್ತೊಂದಕ್ಕೆ ಇಳಿದಳು, ಆದರೆ ಫೋರ್ಕಿಗೆ ಬೇರೆ,
ಕೇಕು ಕೊಯ್ಯುವ ಕೂಲಿ ಬೇರೆ.
ಕೇಕು ನಮ್ಮದು, ಚಾಕು ನಮ್ಮದು,
ಕೊಯ್ದಿದ್ದಕ್ಕೆ ತುಂಡಿಗೆ ಒಂದೂವರೆ ಡಾಲರ್!

ಅಂದಿನಿಂದ ಪ್ರತಿ ರಾತ್ರಿ
ಊಟದ ಮೇಜಿನ ಮೇಲೆ ಪಟ್ಟಿ ಹರಡಿಕೊಂಡು
ಡೆಲ್ಬರ್ಟನೂ ನಾನೂ ತಲೆ ತೆಗೆಯತೊಡಗಿದೆವು.
ನಮ್ಮ ಸೋದರತ್ತೆಯ ಎರಡನೇ ಗಂಡ ಮೊದಲು ಹೋದ.
ಬೌಲಿಂಗ್ ತಂಡದ ಆರು ತಲೆ, ಇನ್ನೂರ ಇಪ್ಪತ್ತೆಂಟು ಡಾಲರ್.
ಅವನು ಗೋಗರೆದು ನಾಯಕನೊಬ್ಬನ ಪ್ರಾಣ ಉಳಿಸಿಕೊಂಡ.
ಕೈಗೂಸು ತಲೆಯೋ ಅಲ್ಲವೋ
ಎಂದು ಅರ್ಧ ಗಂಟೆ ವಾದವಾಗಿ, ಹಲ್ಲು ಬಂದಿದ್ದರೆ ತಲೆ ಎಂದಾಯಿತು.
ಲುಡ್ಮಿಲಾಗೆ ಫೋನ್ ಮಾಡಿ
ಮಗುವಿನ ಹಲ್ಲು ವಿಚಾರಿಸಿದೆ. ಎಷ್ಟು ಅಕ್ಕರೆ ನಿನಗೆ, ಅಂದಳು.

ವರ್ನೀಟಾ ಓಕ್ಸ್ ಎಂಬ ಹೆಸರಿಗೆ ಬಂದಾಗ
ಡೆಲ್ಬರ್ಟ್ ಕಾಫಿಗೆಂದು ಎದ್ದಿದ್ದ.
ತೀರಿಹೋದ ಅವನ ಹೆಂಡತಿಯ ಅಕ್ಕ.
ಗೀಟು ಎಳೆದವಳು ನಾನು.
ಮೂವತ್ತೆಂಟು ಉಳಿಯಿತು, ಅಂದೆ.
ಅವನು ಲೋಟದಲ್ಲಿ ಚಮಚ ತಿರುಗಿಸುತ್ತಲೇ ಇದ್ದ,
ಸಕ್ಕರೆ ಹಾಕಿಕೊಳ್ಳದ ಮನುಷ್ಯ.

ಕೊನೆಗೆ, ನಾವೇ ಬೇಯಿಸಿಬಿಡೋಣ.
ಚರ್ಚಿನ ನೆಲಮಾಳಿಗೆ, ನಾಲ್ಕು ಮನೆಯ ಎರವಲು ಹಂಡೆ,
ರಿಗಟೋನಿ, ಕೋಳಿ, ಬೆಣ್ಣೆಯಲ್ಲಿ ಬಾಡಿಸಿದ ಎಲೆಕೋಸು.
ಸಿಹಿಯ ಚಿಂತೆ ಈ ಊರಿನಲ್ಲಿ ಯಾವ ಮದುಮಗಳಿಗೂ ಇಲ್ಲ,
ಬಿಸ್ಕತ್ತಿನ ಮೇಜು ಅತ್ತೆ ಚಿಕ್ಕಮ್ಮಂದಿರ ಪಾಲಿನದು.
ಬಟ್ಟೆಗೆ ಸಿಕ್ಕಿಸುವ ಕ್ಲಿಪ್ಪಿಗೆ ಹಿಟ್ಟು ಸುತ್ತಿ ಸುಟ್ಟ ಸುರುಳಿಗಳು
ಜನವರಿಯಿಂದಲೂ ಹಿಮಪೆಟ್ಟಿಗೆಗಳಲ್ಲಿ ಮಲಗಿದ್ದವು.
ಎರಡು ಸಾವಿರದ ನಾನೂರು ಎಂದು ನಮ್ಮಮ್ಮ,
ಇನ್ನೂ ಸಾಲದು ಎಂದು ಅವಳ ತಂಗಿ.

ಆಗ ಚರ್ಚಿನ ಪಾವ್ಲಿಕ್ ನಿಯಮದ ಹಾಳೆ ತಂದ.
ಬಿಸ್ಕತ್ತು ಯಾರು ಬೇಕಾದರೂ ತನ್ನಿ,
ಒಲೆ ಹಚ್ಚುವುದಾದರೆ
ಅಡುಗೆಯ ಪ್ರಮಾಣಪತ್ರ ಇದ್ದವರೊಬ್ಬರು ಇರಲೇಬೇಕು.
ನಮ್ಮ ಇಡೀ ಪಟ್ಟಿಯಲ್ಲಿ, ಉಳಿದವರಲ್ಲಿ, ಹೋದವರಲ್ಲಿ,
ಆ ಪತ್ರ ಇದ್ದದ್ದು ಒಬ್ಬಳಿಗೆ.
ಇಪ್ಪತ್ತಾರು ವರ್ಷ ಶಾಲೆಯ ಅಡುಗೆಮನೆ ಆಳಿದವಳು.

ಡಿಪೋದಲ್ಲಿ ಬಸ್ಸು ನಿಲ್ಲಿಸಿ, ದೀಪ ಆರಿಸಿ,
ಕೊನೆಯ ಸೀಟಿನಲ್ಲಿ ಕೂತು ಫೋನ್ ಮಾಡಿದೆ.
ಕರೆಯೋಲೆ ಬರಲಿಲ್ಲ, ಅಂಚೆಯವರು ಕಳೆದರೇನೋ
ಅಂದುಕೊಂಡೆ, ಅಂದಳು ವರ್ನೀಟಾ.
ಒಳ್ಳೆಯ ನೆಪ, ತಟ್ಟೆಯಲ್ಲಿಟ್ಟು ಕೊಟ್ಟಿದ್ದಳು.
ಅಂಚೆಯವರಲ್ಲ, ಅಂದೆ.
ಅವಳ ಮನೆಯ ಟಿವಿಯಲ್ಲಿ ಯಾರೋ ನಗುತ್ತಿದ್ದರು.
ನಕ್ಕು ಮುಗಿಸಿದರು.
ಎಷ್ಟು ಜನ?
ನೂರಾಹನ್ನೆರಡು.
ಕೋಳಿಯ ಎದೆ ತರಬೇಡ, ಹಂಡೆಯಲ್ಲಿ ಒಣಗುತ್ತೆ. ತೊಡೆ ತಾ, ಅಗ್ಗ ಕೂಡ.
ಮತ್ತೆ, ನನ್ನನ್ನು ತಲೆ ಲೆಕ್ಕಕ್ಕೆ ಹಿಡಿಯಬೇಡ,
ನಾನು ನಿಂತೇ ಇರ್ತೀನಿ.

ನಿಂತೇ ಇದ್ದಳು. ಒಪ್ಪವಾಗಿ ಸುರುಳಿ ಬಿಟ್ಟ ಕೂದಲ ಮೇಲೆ ಬಲೆ,
ಕೈಯಲ್ಲಿ ಉಷ್ಣಮಾಪಕ, ಹಂಡೆಹಂಡೆಗೂ ಚುಚ್ಚಿ ಡಿಗ್ರಿ ಕೂಗುತ್ತ.
ಮದುವೆಯ ಉಡುಪಿನ ಮೇಲೆ ಅವಳ ಏಪ್ರನ್ ಕಟ್ಟಿಕೊಂಡು
ನಾನು ಎರಡು ತಟ್ಟೆ ತೊಳೆದೆ, ಓಡಿಸಿದಳು.
ಹನ್ನೊಂದನೇ ಮೇಜಿಗೆ ರಿಗಟೋನಿ ಮುಗಿಯಿತು.
ಪಾದ್ರಿಗೆ ಬರೀ ಎಲೆಕೋಸು.
ಲುಡ್ಮಿಲಾಳ ಕೂಸು ಇದ್ದ ಎರಡೇ ಹಲ್ಲಲ್ಲಿ
ಮೂರು ಸುರುಳಿ ಮುಗಿಸಿತು.

ಆ ಎಂಟುನೂರು ಈವರೆಗೂ ಬಂದಿಲ್ಲ.
ಮಾರನೇ ಬೆಳಿಗ್ಗೆ ಹಂಡೆ ಹಿಂದಿರುಗಿಸಲು ಹೋದಾಗ
ಅವಳಿಗೆಂದು ನಾನು ಬಾಲ್‌ಪೆನ್ನಿನಲ್ಲಿ ಬರೆದಿಟ್ಟ ಹೆಸರಿನ ಚೀಟಿ
ಕುರ್ಚಿಯ ಮುಂದಿರಲಿಲ್ಲ.
ಗುಡಿಸುವಾಗ ಸಿಕ್ಕಿತು.
ನಾಲ್ಕಾಗಿ ಮಡಚಿ, ಬಡಿಸುವ ಮೇಜಿನ
ಗಿಡ್ಡ ಕಾಲಿನಡಿ ತುರುಕಿದ್ದಳು.
ಅಲುಗಿಸಿ ನೋಡಿದೆ.
ಮೇಜು ಅಲುಗಲಿಲ್ಲ.