ಪಹಣಿಯಿಲ್ಲದ ಕಡತ

ಗ್ರಿಮ್ಸ್‌ಬಿ. ಮೀನುಕಟ್ಟೆಯ ಹಿಂದೆ ಐಸ್ ಕಾರ್ಖಾನೆ,
ಮೇಲಿನ ಮಹಡಿ. ಬೆಳಗಿನ ಜಾವ ಮೂರೂಕಾಲು.
ಹಳೆಯ ಸರ್ವರನ್ನು ನಾಳೆ ಕಿತ್ತುಹಾಕುತ್ತಾರಂತೆ.
ಹೊಟ್ಟೆಯಲ್ಲಿ ಏನೇನಿದೆ ಬರೆದುಕೊಡು ಎಂದಿದ್ದಾರೆ,
ಮನೆ ಖಾಲಿ ಮಾಡುವಾಗ ಪಾತ್ರೆ ಎಣಿಸಿದ ಹಾಗೆ.

ಡಿಪಿಕೆಜಿ, ಅಡ್ಡಗೆರೆ, ಸಣ್ಣ ಎಲ್.
ಸಾವಿರದ ಇನ್ನೂರ ಹದಿನೇಳು ಪ್ಯಾಕೇಜು
ಒಂದರ ಮೇಲೊಂದು ಬಿದ್ದು ಪರದೆ ದಾಟಿ ಓಡಿದವು.
ಪ್ರಿಂಟರೇ ಇಲ್ಲದ ಕೋಣೆಯಲ್ಲಿ ಹನ್ನೊಂದು ಪ್ರಿಂಟರ್ ಡ್ರೈವರು.
ಯಾರೂ ಆಡದ ಇಸ್ಪೀಟು.
ಐಸ್‌ಲ್ಯಾಂಡಿನ ಭಾಷೆಗೆ ಕಾಗುಣಿತ ತಿದ್ದುವ ನಿಘಂಟು,
ಯಾರಿಗೆ ಬೇಕಾಗಿತ್ತೋ.

ದೊಡ್ಡ ಎಲ್ ಹಾಕಿದರೆ ಪ್ಯಾಕೇಜು ತಾನೇ ಬಾಯಿಬಿಡುತ್ತದೆ,
ಇದು ನನ್ನದು, ಇದೂ ನನ್ನದು.
ದೊಡ್ಡ ಎಸ್ ತಿರುಗಾಮುರುಗಾ:
ಕಡತವನ್ನು ಹಿಡಿದು ನಿಲ್ಲಿಸಿ
ಮದುವೆಮನೆಯ ಹಿರಿಯರ ಹಾಗೆ ಕೇಳುವುದು,
ಯಾರ ಪೈಕಿ ನೀನು?

ಎಲ್ಲವೂ ಹೇಳಿದವು. ಒಂದು ಹೇಳಲಿಲ್ಲ.
ಯುಎಸ್‌ಆರ್, ಲೋಕಲ್, ಬಿನ್:
ಗೋಮಾಳದಂಥ ಜಾಗ, ಯಾವ ಪ್ಯಾಕೇಜೂ ಬೇಲಿ ಹಾಕುವುದಿಲ್ಲ ಅಲ್ಲಿ.
ಹೆಸರು ವೆಟ್‌ಫೀಟ್. ಒದ್ದೆಗಾಲು.
ಯಾರ ಪೈಕಿ? ಯಂತ್ರ ಅಂದಿತು,
ಈ ದಾರಿಗೆ ಹೊಂದುವುದು ಯಾವುದೂ ಸಿಗಲಿಲ್ಲ.
ಪಹಣಿಯ ಒಂಬತ್ತನೇ ಕಾಲಂ ಖಾಲಿ.

ಕ್ಯಾಟ್ ಹಾಕಿ ತೆರೆದೆ. ನಲವತ್ತೇ ಸಾಲು.
ತಲೆಯಲ್ಲಿ ಟಿಪ್ಪಣಿ:
"ಉಬ್ಬರ ಏಳು ಮೀಟರು ದಾಟಿದರೆ ಗೇಟಿನ ಬ್ಯಾರಿಗೆ ತಿಳಿಸು.
ಫೋನಿನ ಗಂಟೆ ಅವನಿಗೆ ಕೇಳುವುದಿಲ್ಲ.
ದೀಪ, ಮೂರು ಸಲ. ಡಿ.ಸಿ."

ಡೋರೀನ್ ಕಟ್ಸ್‌ಫರ್ತ್. ನಾನು ಅವಳನ್ನು ನೋಡಿಲ್ಲ.
ಖುರ್ಚಿಯ ಬೆನ್ನಿಗೆ ಅವಳ ಕಾರ್ಡಿಗನ್ ಇನ್ನೂ ಇದೆ;
ಯಾರೂ ತೆಗೆದಿಲ್ಲ. ಚಳಿ ತಡೆಯದೆ
ನಾನೇ ಎರಡು ಸಲ ಹೊದ್ದಿದ್ದೇನೆ.
ತೋಳಿನಲ್ಲಿ ಪೆಪ್ಪರ್‌ಮಿಂಟಿನ ವಾಸನೆ.

ಪಟ್ಟಿಯಲ್ಲಿಲ್ಲದ್ದು ಹೊಸ ಯಂತ್ರಕ್ಕೆ ಹೋಗಕೂಡದು, ಆದೇಶ.
ಬ್ಯಾರಿ ಇದ್ದಾನೋ, ನಿವೃತ್ತನೋ, ಸತ್ತನೋ,
ಯಾವ ಕಮಾಂಡಿಗೆ ಗೊತ್ತು?
ವಿಚ್ ಎಂದರೆ ಕಡತದ ದಾರಿ ಹೇಳುತ್ತದೆ, ಅಷ್ಟೇ.

ಕಿಟಕಿಗೆ ಹೋದೆ. ನಾಲ್ಕಕ್ಕೆ ಐದು ನಿಮಿಷ.
ಹಂಬರ್ ಕಟ್ಟೆಯ ಗೋಡೆಗೆ ಮೈಯುಜ್ಜುತ್ತಿತ್ತು, ಹಸುವಿನಂತೆ.
ಗೇಟಿನ ಗೂಡಿನಲ್ಲಿ ದೀಪ
ಹತ್ತಿತು, ಆರಿತು. ಹತ್ತಿತು, ಆರಿತು.
ಮೂರನೆಯದಕ್ಕೆ ಒಳಗಿನಿಂದ ಒಂದು ಕೈ ಬಂದು
ಗಾಜಿನ ಮಂಜು ಒರೆಸಿತು.
ಆಮೇಲೆ ಬಾಗಿಲು. ರಬ್ಬರ್ ಬೂಟು ಹಾಕಿಕೊಳ್ಳುತ್ತಾ
ಒಂಟಿ ಕಾಲಿನಲ್ಲಿ ಕುಂಟುವ ಮುದುಕ.

ಮೇಜಿಗೆ ಮರಳಿ, ಪಟ್ಟಿಯ ಕೊನೆಗೆ
ಕೈಯಾರೆ ಟೈಪು ಮಾಡಿದೆ:
ಸಾವಿರದ ಇನ್ನೂರ ಹದಿನೆಂಟು. ಒದ್ದೆಗಾಲು.