ತಣ್ಣಗಿರಲಿ ಎಂಜಿನ್

"ನೋಡಲಿಕ್ಕೆ ಬರುತ್ತೇನೆ ಅಂತ ಹೇಳು,
ಸ್ಟಾರ್ಟ್ ಮಾಡಿ ಇಡಬೇಡ ಅಂತಲೂ ಹೇಳು"
ಅಂದಿದ್ದ ಇನಾಸ್ ಮೇಸ್ತ್ರಿ, ಗ್ರೀಸು ಕೈಯಲ್ಲೇ
ಚಹಾದ ಲೋಟ ಎತ್ತಿಕೊಂಡು.
"ಬಿಸಿ ಎಂಜಿನ್ ಎಲ್ಲರ ಹತ್ತಿರವೂ ಚೆನ್ನಾಗಿಯೇ ಮಾತಾಡುತ್ತದೆ.
ತಣ್ಣಗಿದ್ದಾಗ ಏನು ಗೊಣಗುತ್ತದೆ, ಅದನ್ನು ಕೇಳು."

ನಾನು ಅಂಕೋಲೆಯ ಸೊಸೈಟಿಯಲ್ಲಿ ಕ್ಯಾಶಿಯರ್,
ಹತ್ತೊಂಬತ್ತು ವರ್ಷ ಬೆರಳಲ್ಲೇ ನೋಟು ಓದಿದವಳು.
ಎತ್ತರ ನಾಲ್ಕು ಅಡಿ ಹನ್ನೊಂದು ಇಂಚು.
ಭಾನುವಾರ ಬೆಳಿಗ್ಗೆ, ಡಾಂಬರು ಮುಗಿಯುತ್ತದಲ್ಲ,
ಅಲ್ಲಿಂದಾಚೆ ಒಂದಿಷ್ಟು ದೂರ ಹೋಗಿ ಬರಬೇಕು.
ಹೊಸದಕ್ಕೆ ದುಡ್ಡಿಲ್ಲ. ಇದ್ದರೂ
ಬೀಳಿಸಲಿಕ್ಕೆ ಹೊಸದು ಯಾಕೆ?

ಮೊದಲನೆಯದು ಕಾರವಾರ, ಕೋಡಿಬಾಗ.
ಮೀಟರಿನಲ್ಲಿ ಆರು ಸಾವಿರದ ಚಿಲ್ಲರೆ,
ಟ್ಯಾಂಕಿಗೆ ನಿನ್ನೆಯ ಪಾಲಿಶು.
ಬಗ್ಗಿ ಬ್ರೇಕ್ ಪೆಡಲು ಮುಟ್ಟಿದೆ.
ಹಲ್ಲೆಲ್ಲ ಸವೆದು ನುಣ್ಣಗೆ, ಹಳೇ ಹತ್ತು ಪೈಸೆಯ ಹಾಗೆ.
ಆರು ಸಾವಿರಕ್ಕೆ ಯಾವ ಕಾಲೂ ಇಷ್ಟು ತೇಯುವುದಿಲ್ಲ.
ಸೀಟು ಎತ್ತಿಸಿದೆ. ಕೆಳಗೆ ಸಮುದ್ರ ಇತ್ತು:
ಬೋಲ್ಟಿನ ತಲೆತಲೆಗೂ ಉಪ್ಪು ಕೂತು
ಉಗುರು ತಾಗಿದರೆ ಉದುರುವ ಕೆಂಪು ಹುಡಿ.
"ಕಡಲ ಬದಿಯ ಗಾಡಿ ಮೇಡಂ, ಎಲ್ಲದೂ ಹೀಗೇ."
ಹೌದು, ನನ್ನ ಮನೆ ಕಿಟಕಿಯ ಸರಳೂ ಹೀಗೇ.
ಅದನ್ನು ನಾನು ಮಾರುತ್ತಿಲ್ಲ.

ಉಪ್ಪಿಲ್ಲದ ಊರಿನದು ನೋಡೋಣವೆಂದು
ದೇವಿಮನೆ ಘಟ್ಟ ಹತ್ತಿ ಶಿರಸಿಗೆ ಹೋದೆ.
ಯಲ್ಲಾಪುರ ನಾಕೆಯ ಹತ್ತಿರದ ಹುಡುಗ
ನನ್ನ ಹಿಂದೆ ಯಾರನ್ನೋ ಹುಡುಕಿದ.
"ಓಡಿಸುವವರು ಬರಲಿಲ್ಲವಾ?"
"ಬಂದಿದ್ದಾರೆ" ಅಂದೆ.
ಹತ್ತಿ ಕೂತರೆ ಎರಡೂ ಕಾಲು ಗಾಳಿಯಲ್ಲಿ,
ದೊಡ್ಡವರ ಕುರ್ಚಿಯಲ್ಲಿ ಕೂರಿಸಿದ ಮಗುವಿನಂತೆ.
ಇಳಿದು ಎಂಜಿನ್ ಮೇಲೆ ಅಂಗೈ ಇಟ್ಟೆ.
ಈಗಷ್ಟೇ ಇಳಿಸಿದ ಕಾವಲಿ.
"ಬೆಳಿಗ್ಗೆಯಿಂದ ಮುಟ್ಟೇ ಇಲ್ಲ" ಅನ್ನುತ್ತಿದ್ದ ಅವನು.
ಮೂರೂವರೆಯ ಬಸ್ಸಿಗೆ ವಾಪಸು.

ತದಡಿಯಲ್ಲಿ ದೋಣಿ ಎಂಜಿನ್ ರಿಪೇರಿಯ ಜಟ್ಟಿ
ಹರಿದ ಬಲೆ ಸರಿಸಿ ತನ್ನದನ್ನು ತೋರಿಸಿದ.
ಮುಟ್ಟಿದೆ: ಕೊಡದ ನೀರಿನಷ್ಟು ತಂಪು.
ಕಿಕ್ಕು. ಇಲ್ಲ. ಕಿಕ್ಕು. ಇಲ್ಲ.
ಏಳನೆಯದಕ್ಕೆ ಕೆಮ್ಮಿ, ಎಂಟಕ್ಕೆ ಎದ್ದಿತು,
ಅವನಿಗೇನೂ ನಾಚಿಕೆಯಾದಂತೆ ಕಾಣಲಿಲ್ಲ.
"ಎಡಗಡೆ ಈ ಗೀರು ಯಾಣದ ಹಾದಿಯದು, ಒದ್ದೆ ಬೇರು.
ಹ್ಯಾಂಡಲ್ ಒಂದು ಕೂದಲೆಳೆ ಎಡಕ್ಕೆ ಎಳೆಯುತ್ತದೆ.
ಮುಂದಿನ ಫೋರ್ಕಿನ ಸೀಲು ಸೋರುತ್ತದೆ, ನೋಡಿ, ಒರೆಸಿಲ್ಲ."
"ಯಾಕೆ ಒರೆಸಲಿಲ್ಲ?"
"ಒರೆಸಿದರೆ ನೀವು ನಾಳೆ ಬಂದು ಬೈಯುತ್ತೀರಿ.
ಅಂಕೋಲೆ ಏನು ದೂರವಾ?"
ಆಮೇಲೆ, ಎಲ್ಲಕ್ಕಿಂತ ದೊಡ್ಡ ಲೋಪವೆಂಬಂತೆ, ದನಿ ತಗ್ಗಿಸಿ:
"ಸೀಟಿನ ಸ್ಪಂಜು ಕತ್ತರಿಸಿಬಿಟ್ಟಿದ್ದೇನೆ.
ಬೇರೆಯವರು ಇದಕ್ಕೇ ಬೇಡ ಅಂದರು. ನಾನು ಗಿಡ್ಡ."

ಹತ್ತಿ ಕೂತೆ.
ಹಿಮ್ಮಡಿ ಇಲ್ಲ, ಆದರೆ ಹತ್ತೂ ಬೆರಳು ನೆಲದಲ್ಲಿ.

ಐವತ್ತೆಂಟು ಅಂದ, ಐವತ್ತೆರಡಕ್ಕೆ ನಿಂತ.
ಸೀಲಿನ ದುಡ್ಡು ಮುರಿದುಕೊಂಡೆ. ಅವನು ಎಣಿಸಲಿಲ್ಲ,
ನಾನೇ ಎರಡು ಸಲ ಎಣಿಸಿ ಕೊಟ್ಟೆ, ಅಭ್ಯಾಸ.
ಹೊರಡುವಾಗ ಗೇಟಿನ ತನಕ ಬಂದು
"ಬಿದ್ದರೆ ಬೆನ್ನು ಕೊಟ್ಟು ಎತ್ತಿ, ಬಗ್ಗಿ ಕೈಯಿಂದಲ್ಲ.
ನನ್ನ ಸೊಂಟ ಹೋದದ್ದು ಹಾಗೆಯೇ" ಅಂದ.

ಹಿಲ್ಲೂರಿನಾಚೆ, ಚಿರೆಕಲ್ಲಿನ ಕಣಿಯ ತಿರುವಿನಲ್ಲಿ,
ಮೊದಲ ಭಾನುವಾರವೇ
ಸಣ್ಣ ಜಲ್ಲಿಯ ಮೇಲೆ ಮುಂದಿನ ಬ್ರೇಕ್ ಹಿಡಿದೆ.
ಬಿದ್ದದ್ದು ಎಷ್ಟು ನಿಧಾನವೆಂದರೆ
ಬೀಳುವ ಮೊದಲು ಅಯ್ಯೋ ಅನ್ನಲಿಕ್ಕೂ ಪುರುಸೊತ್ತಿತ್ತು.
ಸೀಟಿಗೆ ಬೆನ್ನು ಕೊಟ್ಟು, ಕಾಲು ಊರಿ,
ಮೂರನೇ ಸಲಕ್ಕೆ ಎತ್ತಿದೆ.
ಬಲಗಡೆ ಗೀರು, ಕಿರುಬೆರಳಷ್ಟು, ಇನ್ನೂ ಬಿಳಿ.

ಕಲ್ಲಿನ ಮೇಲೆ ಕೂತು ನೀರು ಕುಡಿದೆ.
ಎಂಜಿನ್ ಟಿಕ್ ಟಿಕ್ ಅನ್ನುತ್ತ ಆರುತ್ತಿತ್ತು.
ಯಾವತ್ತೋ ಇದನ್ನು ಕೊಳ್ಳಲು ಬಂದವರಿಗೆ
ಇಷ್ಟು ಹೇಳಬೇಕು, ಒರೆಸದೆ:
ಎಡಗಡೆಯದು ಜಟ್ಟಿಯದು. ಇದು ನನ್ನದು.