ಹಳದಿ ಬೂಟು

ಶಾಲಾ ಬಸ್ಸುಗಳ ಹೊಟ್ಟೆಯಡಿ
ಇಪ್ಪತ್ತೆರಡು ವರ್ಷ ಮಲಗಿ ಎದ್ದವನು ನಾನು.
ಡಿಪೋ ಮುಚ್ಚಿತು. ಕೈಗೆ ಬಂದ ಗಂಟಿನಲ್ಲಿ
ಮೂರು ಬೂಟು ಕೊಂಡೆ,
ಕಾಲಿಗಲ್ಲ, ಕಾರಿಗೆ.
ಹಳದಿ ಬಣ್ಣ, ಒಂದೊಂದೂ ವರ್ಷದ ಕೂಸಿನ ತೂಕ,
ಚಕ್ರವನ್ನು ತಬ್ಬಿದರೆ ಬೀಗದ ಕೈಗಲ್ಲದೆ
ಯಾರ ಮಾತಿಗೂ ಬಗ್ಗುವುದಿಲ್ಲ.

ಲುರೀನ್ ಅಂದಳು:
ನಿಂತ ಗಾಡಿ ಓಡಿಸಿದ ಕೈ ನಿನ್ನದು,
ಈಗ ಓಡುವುದನ್ನು ನಿಲ್ಲಿಸಲು ಹೊರಟೆಯಾ?
ಏನೂ ಹೊಳೆಯಲಿಲ್ಲ.
ಮೊದಲು ಕಾನೂನು ನೋಡಿ ಬರುತ್ತೇನೆ ಅಂದೆ.

ನಗರಸಭೆಯ ಎರಡನೇ ಮಹಡಿ.
ಗಾಜಿನ ಹಿಂದೆ ಮಿಸ್ ಪ್ರೂಯಿಟ್,
ಸರಪಳಿಗೆ ಜೋತುಬಿದ್ದ ಕನ್ನಡಕ, ಅರ್ಧ ತಿಂದ ಪೀಚ್ ಹಣ್ಣು.
ಇಡೀ ಜಾರ್ಜಿಯಾಕ್ಕೆ ಒಂದೇ ಪುಸ್ತಕ ಇರಬಹುದೆಂದು ಬಂದಿದ್ದೆ.
ಊರಿಗೊಂದು ಕಟ್ಟಳೆ, ಅಂದಳು, ಬರೆದುಕೊ.

ಬರೆದುಕೊಂಡೆ.
ಫಲಕ ಬೇಕು, ಅಕ್ಷರ ಎರಡಿಂಚಿಗೆ ಕಮ್ಮಿಯಿಲ್ಲ,
ಕತ್ತಲಲ್ಲೂ ಕಾಣಬೇಕು.
ಜಾಗದವರ ಸಹಿ ಬೇಕು, ಬಾಯಿಮಾತು ನಡೆಯದು.
ವಿಮೆ. ಬೆರಳಚ್ಚು. ಎದೆಯ ಮೇಲೆ ಹೆಸರು.
ಇಷ್ಟು ಡಾಲರು ಅಂದರೆ ಇಷ್ಟೇ, ಒಂದು ಸೆಂಟೂ ಮೇಲಿಲ್ಲ.
ದುಡ್ಡು ಬಿದ್ದ ಗಂಟೆಯೊಳಗೆ ಬಿಚ್ಚಬೇಕು,
ಒಳಗೆ ಆಳಿದ್ದರೆ ಮುಟ್ಟಲೇಬಾರದು.
ಮತ್ತೆ ರಸೀದಿ, ಮಿಸ್ಟರ್ ಮೇಬ್ರಿ.
ಎಲ್ಲರೂ ಮುಗ್ಗರಿಸುವುದು ಅಲ್ಲೇ. ರಸೀದಿ.

ನನಗೆ ಸಿಕ್ಕಿದ್ದು ಬೆಥೆಲ್ ಚರ್ಚಿನ ಅಂಗಳ.
ಪಕ್ಕದ ಅಂಗಡಿಯ ಕೋಳಿ ರೆಕ್ಕೆಗೆ ಬಂದವರು
ದೇವರ ಜಾಗದಲ್ಲಿ ಗಾಡಿ ನಿಲ್ಲಿಸಿ ಬೆರಳು ನೆಕ್ಕುತ್ತಾರೆ.
ಅವಳು ನಕಾಶೆ ಬಿಡಿಸಿದಳು:
ಊರಿನ ಗಡಿ ಅಂಗಳದ ನಟ್ಟನಡುವೆ.
ಹನ್ನೆರಡು ಗೆರೆ ಈಚೆ, ಏಳು ಆಚೆ.
ಆಚೆ ಏನು ನಿಯಮ?
ಆಚೆ ನಿಯಮವೇ ಇಲ್ಲ.
ಹಾಗಾದರೆ ಹಾಕಬಹುದೆ?
ಬೇಡ ಅಂತ ಬರೆದಿಲ್ಲ ಅಂದರೆ ಹೂಂ ಅಂತಲ್ಲ.
ವಕೀಲರನ್ನು ಕೇಳು.
ವಕೀಲರ ಒಂದು ಗಂಟೆಗೆ ನನ್ನ ನಾಲ್ಕು ಕಾರು.
ಏಳು ಗೆರೆ ಬಿಟ್ಟೆ.

ನನಗೂ ಒಮ್ಮೆ ಹಾಕಿದ್ದರು, ಮದುವೆಗೆ ಮುಂಚೆ,
ಮಳಿಗೆಯ ಹಿಂದೆ, ಸಂಬಳದ ಹಿಂದಿನ ದಿನ.
ಹಾಕಿದವನ ಮುಖ ಮರೆತಿದೆ.
ನಾನು ಬೇಡುವಾಗ ಅವನು ಚೂಯಿಂಗ್ ಗಮ್ ಅಗಿಯುತ್ತಿದ್ದ,
ಅದು ಮರೆತಿಲ್ಲ.
ಆ ಹಾಳೆಯ ಕೆಳಗೆ ನಾನೇ ಸೇರಿಸಿದೆ: ಅಗಿಯಬಾರದು.

ನಿನ್ನೆ ರಾತ್ರಿ ಅಭ್ಯಾಸ.
ನನ್ನದೇ ಟ್ರಕ್ಕು, ನನ್ನದೇ ಅಂಗಳ.
ಮೊದಲ ಸಲ ಏಳು ನಿಮಿಷ, ಬೆರಳು ಜಜ್ಜಿತು.
ಐದನೇ ಸಲಕ್ಕೆ ಒಂದೂವರೆ.
ಟಾರ್ಚು ಹಲ್ಲಲ್ಲಿ ಕಚ್ಚಿ ಹಿಗ್ಗಿದೆ,
ಬೂಟು ಹಾಗೇ ಬಿಟ್ಟು ಊಟಕ್ಕೆ ಹೋದೆ.

ಬೆಳಿಗ್ಗೆ ಬಾಗಿಲಲ್ಲಿ ಎದುರುಮನೆಯ ಹ್ಯಾಟೀ ಕ್ರಂಪ್ಟನ್,
ತಲೆಗೆ ಸುತ್ತಿದ ಬಟ್ಟೆ, ಕೈಯಲ್ಲಿ ಚರ್ಚಿನ ಲಕೋಟೆ.
ಟ್ರಕ್ಕಿನ ಕಡೆ ನೋಡದೆ ಅಂದಳು,
ಯಾರಿಗೂ ಹೇಳಲಿಲ್ಲ ಕಣೋ.
ಯಾರಿಗೆ ಬಾರದ ಕಷ್ಟ.
ನಲವತ್ತಿದೆ. ಕಾಲಿಗೆ ಬಿದ್ದದ್ದನ್ನು ಬಿಡಿಸಿಕೊ.

ಇಲ್ಲ ಅಮ್ಮ, ಅದು ನನ್ನದೇ, ನಾನೇ ಹಾಕಿದ್ದು,
ನಾನು ಇನ್ನು ಮುಂದೆ...
ಗಂಟಲಲ್ಲೇ ನಿಂತಿತು.
ಅಷ್ಟರಲ್ಲಿ ಅವಳು ಅರ್ಧ ರಸ್ತೆ ದಾಟಿದ್ದಳು,
ಕೈಯನ್ನು ಹಿಂದಕ್ಕೆ ಬೀಸುತ್ತ, ಹೋಗು ಹೋಗು ಎಂಬಂತೆ.

ರಸೀದಿ ಪುಸ್ತಕ ಹೊಸದು, ಅಂಟಿನ ವಾಸನೆ ಇನ್ನೂ ಹೋಗಿಲ್ಲ.
ಸಂಖ್ಯೆ ಒಂದು. ದಿನಾಂಕ ಬರೆದೆ.
ಕೊಟ್ಟವರು: ಹ್ಯಾಟೀ ಕ್ರಂಪ್ಟನ್. ನಲವತ್ತು ಡಾಲರು.
ವಾಹನ: ನೀಲಿ ಟ್ರಕ್ಕು, ಎಡ ಮುಂಚಕ್ರ.
'ಯಾವ ಬಾಬ್ತು' ಎಂಬಲ್ಲಿ ಪೆನ್ನು ನಿಂತಿದೆ.
ಒಳಗಿಂದ ಲುರೀನ್ ಕೂಗುತ್ತಿದ್ದಾಳೆ,
ಬೀಗದ ಕೈ ಎಲ್ಲಿಟ್ಟೆ, ನನಗೆ ಕೆಲಸಕ್ಕೆ ಹೊತ್ತಾಯಿತು.